ಕಡಿದಾದ ಮಾಡಿಗೆ ನೈಲ್ ಪ್ಲೇಟ್: ಅಡ್ಡವೋ, ಓರೆಯೋ, ನೆಟ್ಟಗೋ?

ಮರದ ಟ್ರಸ್, ಅಂದರೆ ಮಾಡನ್ನು ಹೊರುವ ತ್ರಿಕೋನದ ಚೌಕಟ್ಟು, ಮಾಡಿಸುವವರು ಮರದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಪೈನ್ ಹಾಕುವುದೇ, ಸಿಲ್ವರ್ ಓಕ್ ಸಾಕೇ, ಗೆದ್ದಲಿಗೆ ಏನು ಬಳಿಯಬೇಕು ಎಂದೆಲ್ಲ ವಿಚಾರಿಸುತ್ತಾರೆ. ಆ ಮರಗಳನ್ನು ಒಂದಕ್ಕೊಂದು ಹಿಡಿದಿಡುವ ತಗಡಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇಗೋ ತೋಟದ ಮನೆಗೋ ಕಾರ್ಖಾನೆಯಲ್ಲಿ ಒತ್ತಿಸಿದ ಮರದ ಟ್ರಸ್ ತರಿಸುವ ಯೋಚನೆ ಇದ್ದರೆ, ಸಹಿ ಹಾಕುವ ಮುನ್ನ ನಕ್ಷೆಯಲ್ಲಿ ಒಂದು ಸಂಗತಿಯನ್ನು ನೋಡಲೇಬೇಕು. ಪ್ರತಿ ಜೋಡಣೆಯಲ್ಲಿ ನೈಲ್ ಪ್ಲೇಟ್, ಅಂದರೆ ಹಲ್ಲಿನ ಪ್ಲೇಟ್, ಯಾವ ದಿಕ್ಕಿಗೆ ಮಲಗಿದೆ ಎಂಬುದೇ ಆ ಸಂಗತಿ. ಇಳಿಜಾರು ಕಡಿಮೆ ಇರುವ ಮಾಡಿನಲ್ಲಿ ಇದರಿಂದ ಅಷ್ಟೇನೂ ವ್ಯತ್ಯಾಸವಾಗುವುದಿಲ್ಲ. ನಮ್ಮ ಮಳೆಗೆ ಬೇಕಾಗುವ ಕಡಿದಾದ ಮಾಡಿನಲ್ಲಿ ಆಗುತ್ತದೆ.

ಈ ಪ್ಲೇಟ್ ನಮ್ಮ ಕಡೆಯದಲ್ಲ. 1950ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ್ದು. ಸುಮಾರು ಒಂದು ಮಿಲಿಮೀಟರ್ ದಪ್ಪದ, ಸತು ಲೇಪಿಸಿದ ಉಕ್ಕಿನ ತಗಡಿನಿಂದ ಸಾಲು ಸಾಲಾಗಿ ಹಲ್ಲುಗಳನ್ನು ಹೊಡೆದು ಮಡಚಿರುತ್ತಾರೆ. ಜೋಡಣೆಯ ಎರಡೂ ಮುಖಗಳಿಗೆ ಒಂದೊಂದು ಪ್ಲೇಟ್ ಇಟ್ಟು ಯಂತ್ರದಲ್ಲಿ ಒತ್ತಿದರೆ ಹಲ್ಲುಗಳು ಮರದೊಳಗೆ ಇಳಿಯುತ್ತವೆ. ಬೇರೆ ಮೊಳೆ ಬೇಡ, ಬೋಲ್ಟ್ ಬೇಡ. ಅಲ್ಲಿ ಇದನ್ನು ಪೈನ್, ಸ್ಪ್ರೂಸ್‌ನಂಥ ಮೆದು ಮರಗಳಿಗೆಂದು ರೂಪಿಸಿದರು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ನಮ್ಮ ಮತ್ತಿ, ಹೊನ್ನೆ, ನಂದಿಯ ವಿಚಾರಕ್ಕೆ ಬಂದಾಗ ಅದು ಬೇಕಾಗುತ್ತದೆ.

ಮುಂದೆ ಬಳಸುವ ಹೆಸರುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟ್ರಸ್ಸಿನ ಮೇಲಂಚಿನ ಇಳಿಜಾರು ಮರಕ್ಕೆ ಓರೆತೊಲೆ, ಗೋಡೆಯಿಂದ ಗೋಡೆಗೆ ಅಡ್ಡ ಹಾಯುವುದಕ್ಕೆ ಅಡಿತೊಲೆ, ನೆತ್ತಿಯಿಂದ ಕೆಳಗಿಳಿಯುವುದಕ್ಕೆ ನಡುಗಂಬ. ಓರೆತೊಲೆ ಮತ್ತು ಅಡಿತೊಲೆ ಗೋಡೆಯ ಮೇಲೆ ಸೇರುವುದು ಸೂರಿನ ಜೋಡಣೆ, ಎರಡು ಓರೆತೊಲೆಗಳು ಮೇಲೆ ಸೇರುವುದು ನೆತ್ತಿಯ ಜೋಡಣೆ.

ಪ್ಲೇಟಿಗೂ ಒಂದು ದಿಕ್ಕಿದೆ

ಹಲ್ಲು ಎದ್ದ ಜಾಗದಲ್ಲಿ ತಗಡಿನಲ್ಲಿ ಉದ್ದನೆಯ ಸೀಳು ಉಳಿಯುತ್ತದೆ. ಎಲ್ಲ ಸೀಳುಗಳೂ ಒಂದೇ ದಿಕ್ಕಿಗಿರುತ್ತವೆ. ಸೀಳಿನ ಉದ್ದಕ್ಕೆ ಎಳೆದರೆ ನಡುನಡುವೆ ಉಳಿದ ತಗಡಿನ ಪಟ್ಟಿಗಳು ಪೂರ್ತಿಯಾಗಿ ಕೆಲಸಕ್ಕೆ ಬರುತ್ತವೆ. ಸೀಳಿಗೆ ಅಡ್ಡಲಾಗಿ ಎಳೆದರೆ ಉಕ್ಕು ಅಷ್ಟು ಉಳಿದಿರುವುದಿಲ್ಲ. ಹಲ್ಲುಗಳ ಮಾತೂ ಹಾಗೆಯೇ. ಪ್ರತಿ ಹಲ್ಲೂ ಚಪ್ಪಟೆ, ಅದರ ಅಗಲ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ. ಬಲ ಸೀಳಿನ ಉದ್ದಕ್ಕಿದೆಯೋ ಅಡ್ಡಕ್ಕೋ, ಮರದ ನಾರಿನ ಉದ್ದಕ್ಕಿದೆಯೋ ಅಡ್ಡಕ್ಕೋ ಎಂಬ ಎರಡು ಪ್ರಶ್ನೆಗಳಿಂದ ನಾಲ್ಕು ಬಗೆಯ ಹಿಡಿತಗಳು ಹುಟ್ಟುತ್ತವೆ. ತಯಾರಕರ ಪಟ್ಟಿಯಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ. ಬಲವು ಸೀಳಿನ ಉದ್ದಕ್ಕೂ ನಾರಿನ ಉದ್ದಕ್ಕೂ ಇದ್ದಾಗ ಸಾಮಾನ್ಯವಾಗಿ ಹಿಡಿತ ಹೆಚ್ಚು, ಎರಡಕ್ಕೂ ಅಡ್ಡಲಾಗಿದ್ದಾಗ ಕಡಿಮೆ. ನಡುವಿನ ಕೋನಗಳಿಗೆ ನಡುವಿನ ಬೆಲೆ.

ಇಲ್ಲಿ ಹೊಸಬರು ಮೋಸಹೋಗುವ ಜಾಗ ಒಂದಿದೆ. ನಕ್ಷೆಯಲ್ಲಿ ಇಂಚಿನ ಲೆಕ್ಕದಲ್ಲಿ 4×6 ಎಂದು ಬರೆದಿದ್ದರೆ ಮೊದಲ ಅಂಕಿ ಸೀಳಿಗೆ ಅಡ್ಡವಾಗಿ ಅಳೆದ ಅಗಲ, ಎರಡನೆಯದು ಸೀಳಿನ ದಿಕ್ಕಿನ ಉದ್ದ. ಆದ್ದರಿಂದ 4×6 ಮತ್ತು 6×4 ಒಂದೇ ಪ್ಲೇಟ್ ಅಲ್ಲ. 6×4ರಲ್ಲಿ ನೋಡುವ ಕಣ್ಣಿಗೆ ಉದ್ದವಾಗಿ ಕಾಣುವ ಬದಿ ಸೀಳಿನ ದಿಕ್ಕಿನದಲ್ಲ. ಪ್ಲೇಟಿನ ಆಕಾರ ನೋಡಿ ದಿಕ್ಕನ್ನು ಊಹಿಸಬಾರದು, ಸೀಳನ್ನು ನೋಡಿ ತಿಳಿಯಬೇಕು. ನಕ್ಷೆಗಳಲ್ಲಿ ಪ್ಲೇಟಿನ ಪಕ್ಕ ಸಮ ಚಿಹ್ನೆಯಂತೆ ಎರಡು ಚಿಕ್ಕ ಸಮಾಂತರ ಗೆರೆ ಹಾಕಿರುವುದುಂಟು. ಸೀಳುಗಳು ಆ ಗೆರೆಗಳಿಗೆ ಸಮನಾಗಿರಬೇಕು ಎಂದು ಅದರ ಅರ್ಥ.

ಮಾಡು ಕಡಿದಾದಂತೆ ಏನು ಬದಲಾಗುತ್ತದೆ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಕಡೆ ಹೆಂಚಿನ ಮಾಡು 30 ಡಿಗ್ರಿಗಿಂತ ಚಪ್ಪಟೆಯಾದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಿಂದ ಹಿಮ್ಮುಖವಾಗಿ ಒಳಗೆ ನುಗ್ಗುತ್ತದೆ. ಹಾಗಾಗಿ ನಮ್ಮಲ್ಲಿ ಮಾತು ಶುರುವಾಗುವುದೇ 30ರಿಂದ. 45 ಕೂಡ ಅಪರೂಪವೇನಲ್ಲ. ಈಚೆಗೆ ಬಂದಿರುವ, ಮಾಡೇ ಗೋಡೆಯಾಗುವ ತ್ರಿಕೋನದ ಹೋಂಸ್ಟೇಗಳಲ್ಲಿ 60 ಡಿಗ್ರಿಯೂ ಉಂಟು.

ಕಡಿದಾದ ಮಾಡಿನಲ್ಲಿ ಅಡಿತೊಲೆಯ ಎಳೆತ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಟ್ರಸ್ಸಿನ ಒಂದು ತುದಿ ಗೋಡೆಯ ಮೇಲೆ ಒಂದು ಟನ್ ಹೊರಿಸುತ್ತದೆ ಎಂದುಕೊಂಡರೆ, ಅಡಿತೊಲೆಯ ಎಳೆತ 30 ಡಿಗ್ರಿಯಲ್ಲಿ ಸುಮಾರು 1.73 ಟನ್, 45ರಲ್ಲಿ ಒಂದು ಟನ್, 60ರಲ್ಲಿ 0.58 ಟನ್. ಇದನ್ನು ನೋಡಿ, ಕಡಿದಾದಷ್ಟೂ ಜೋಡಣೆ ಹಗುರ, ಪ್ಲೇಟ್ ಚಿಕ್ಕದಾದರೂ ನಡೆಯುತ್ತದೆ ಎಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ತಪ್ಪು. ಅದಕ್ಕೆ ಎರಡು ಕಾರಣ.

ಒಂದು, ಅದೇ ಮನೆಯ ಮೇಲೆ ಮಾಡನ್ನು ಹೆಚ್ಚು ಕಡಿದಾಗಿ ಮಾಡಿದರೆ ಇಳಿಜಾರಿನ ಉದ್ದ ಹೆಚ್ಚುತ್ತದೆ, ಹೆಂಚು ಹೆಚ್ಚುತ್ತದೆ, ತೂಕ ಹೆಚ್ಚುತ್ತದೆ. 30 ಡಿಗ್ರಿಯ ಮಾಡಿಗೆ ಹೋಲಿಸಿದರೆ 60 ಡಿಗ್ರಿಯ ಮಾಡಿನ ಹೆಂಚಿನ ತೂಕ 1.73 ಪಟ್ಟು. ಇದನ್ನೂ ಸೇರಿಸಿ ಓರೆತೊಲೆಯ ಉದ್ದಕ್ಕೆ ಬರುವ ಒತ್ತಡವನ್ನು ಲೆಕ್ಕ ಹಾಕಿ ನೋಡಿ: ಮಾಡಿನ ಸ್ವಂತ ತೂಕಕ್ಕೆ 30 ಡಿಗ್ರಿಯಲ್ಲಿ ಎಷ್ಟೋ 60ರಲ್ಲಿಯೂ ಅಷ್ಟೇ. 45ರಲ್ಲಿ ಕೊಂಚ ಕಡಿಮೆ. ಅಂದರೆ ಅಡಿತೊಲೆಗೆ ಸಿಕ್ಕ ರಿಯಾಯಿತಿ ಓರೆತೊಲೆಗೆ ಸಿಕ್ಕಿಲ್ಲ.

ಎರಡು, ಸೂರಿನಲ್ಲಿ ಎರಡು ಮರಗಳು ಮುಟ್ಟುವ ಗೆರೆ ಗಿಡ್ಡವಾಗುತ್ತದೆ. 125 ಮಿ.ಮೀ. ಆಳದ ತೊಲೆಯನ್ನು ಓರೆಯಾಗಿ ಕೊಯ್ದರೆ ಆ ಕೊಯ್ತದ ಉದ್ದ 30 ಡಿಗ್ರಿಯಲ್ಲಿ 250 ಮಿ.ಮೀ., 45ರಲ್ಲಿ 177, 60ರಲ್ಲಿ 144. ಒತ್ತಡ ಅಷ್ಟೇ, ಅದನ್ನು ದಾಟಿಸುವ ಸಂದಿನ ಉದ್ದ ಮಾತ್ರ ಹೆಚ್ಚುಕಡಿಮೆ ಅರ್ಧ. ಹಲ್ಲು ಊರಲು ಮರವೇ ಸಾಲದು. ಜೊತೆಗೆ, ಮರದ ತುದಿ ಮತ್ತು ಅಂಚಿಗೆ ತೀರ ಹತ್ತಿರದ ಹಲ್ಲುಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಮೆರಿಕದ ಟ್ರಸ್ ಪ್ಲೇಟ್ ಮಾನದಂಡದ ಒಂದು ಲೆಕ್ಕಕ್ರಮದಲ್ಲಿ ನಾರಿನ ದಿಕ್ಕಿನಲ್ಲಿ ತುದಿಯಿಂದ ಅರ್ಧ ಇಂಚು, ಅಂಚಿನಿಂದ ಕಾಲು ಇಂಚು ಬಿಟ್ಟುಬಿಡುತ್ತಾರೆ. ಅದೇ ಮಾನದಂಡ ಸೂರಿನ ಜೋಡಣೆಗೆಂದೇ ಹಲ್ಲಿನ ಹಿಡಿತವನ್ನು ಇಳಿಜಾರಿಗೆ ತಕ್ಕಂತೆ ಇಳಿಸುತ್ತದೆ. ಚಪ್ಪಟೆ ಮಾಡಿಗೆ ಮೂಲ ಹಿಡಿತದ 0.85 ಪಾಲು, ಕಡಿದಾದಂತೆ ಕಡಿಮೆಯಾಗುತ್ತ ಸುಮಾರು 26.5 ಡಿಗ್ರಿಯ ಹೊತ್ತಿಗೆ 0.65ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮಾಡುಗಳೆಲ್ಲ ಆ ಕೊನೆಯ ಮೆಟ್ಟಿಲಲ್ಲೇ ಇವೆ.

ಇದರಿಂದ ನಾನು ತಲುಪುವ ನಿಲುವು ಇಷ್ಟು: ಕಡಿದಾದ ಟ್ರಸ್ಸಿನಲ್ಲಿ ತಗಡು ಹರಿಯುವ ಚಿಂತೆಗಿಂತ ಹಲ್ಲು ಕಿತ್ತುಬರುವ ಚಿಂತೆ ದೊಡ್ಡದು. ಪ್ಲೇಟಿನ ದಿಕ್ಕನ್ನು ಆರಿಸುವಾಗ ಅತಿ ಹೆಚ್ಚು ಬಲವಿರುವ ಮರವನ್ನಲ್ಲ, ಅತಿ ಕಡಿಮೆ ಹಲ್ಲು ಸಿಕ್ಕಿರುವ ಮರವನ್ನು ನೋಡಬೇಕು.

ಸೂರಿನ ಜೋಡಣೆ: ಮೊದಲು ಯಾವ ಮರ ಕೊಯ್ದಿದೆ ನೋಡಿ

ಮೂರು ಆಯ್ಕೆಗಳಿವೆ. ಸೀಳು ಅಡಿತೊಲೆಯ ಉದ್ದಕ್ಕಿರುವಂತೆ ಅಡ್ಡ ಇಡುವುದು, ಓರೆತೊಲೆಯ ಉದ್ದಕ್ಕಿರುವಂತೆ ಓರೆ ಇಡುವುದು, ನೆಟ್ಟಗೆ ನಿಲ್ಲಿಸುವುದು. ಯಾವುದು ಸರಿ ಎಂಬ ಜಗಳ ಬಗೆಹರಿಯದಿರಲು ಕಾರಣ, ಜಗಳವಾಡುವವರು ಎರಡು ಬೇರೆ ಬೇರೆ ಜೋಡಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ಮೊದಲನೆಯದು, ಓರೆತೊಲೆಯೇ ಗೋಡೆ ದಾಟಿ ಮುಂದೆ ಚಾಚಿ ಸೂರಾಗುವ ಬಗೆ. ಮಲೆನಾಡಿನ ಮನೆಗೆ ಮೂರಡಿ ಸೂರಿಲ್ಲದೆ ಗೋಡೆ ಉಳಿಯುವುದಿಲ್ಲವಾದ್ದರಿಂದ ನಮಗೆ ಹೆಚ್ಚಾಗಿ ಸಿಗುವುದು ಇದೇ. ಇಲ್ಲಿ ಓರೆತೊಲೆ ಅಖಂಡ. ಅಡಿತೊಲೆಯ ತುದಿಯನ್ನು ಓರೆಯಾಗಿ ಕೊಯ್ದು ಅದರ ಅಡಿಗೆ ಸೇರಿಸಿರುತ್ತಾರೆ. ಸಂದಿನ ಗೆರೆ ಓರೆತೊಲೆಯ ಉದ್ದಕ್ಕೇ ಇರುತ್ತದೆ. ಗೋಡೆ ಅಡಿತೊಲೆಯನ್ನು ಮೇಲಕ್ಕೆ ಒತ್ತುತ್ತದೆ, ಅಡಿತೊಲೆ ಒಳಕ್ಕೆ ಎಳೆಯುತ್ತದೆ. ಎರಡೂ ಕೂಡಿದಾಗ ಆ ಗೆರೆಯ ಮೇಲೆ ಮರ ಮರವನ್ನು ಒತ್ತುವ ಬಲ ಉಳಿಯುವುದಿಲ್ಲ, ಗೆರೆಯ ಗುಂಟ ಜಾರುವ ಬಲ ಮಾತ್ರ ಉಳಿಯುತ್ತದೆ. ಓರೆತೊಲೆಯ ಒತ್ತಡವಷ್ಟನ್ನೂ ಪ್ಲೇಟೇ ದಾಟಿಸಬೇಕು. ಮರ ಚೆನ್ನಾಗಿ ಕೂತಿದೆ, ಪ್ಲೇಟ್ ನೆಪಕ್ಕೆ ಎಂಬ ಮಾತು ಈ ಜೋಡಣೆಗೆ ಸಲ್ಲದು.

ಎರಡನೆಯದು, ಓರೆತೊಲೆ ಗೋಡೆಯ ಮೇಲೆಯೇ ಮುಗಿದು, ಅದರ ಬುಡವನ್ನು ಮಟ್ಟಸವಾಗಿ ಕೊಯ್ದು ಅಡಿತೊಲೆಯ ಬೆನ್ನ ಮೇಲೆ ಕೂರಿಸಿದ ಬಗೆ. ಸೂರನ್ನು ಬೇರೆ ಪಕಾಸುಗಳಿಂದ ಚಾಚಿದಾಗ ಹೀಗೆ ಮಾಡುತ್ತಾರೆ. ಇಲ್ಲಿ ಸಂದಿನ ಗೆರೆ ಮಟ್ಟಸ. ತೂಕ ಮರದಿಂದ ಮರಕ್ಕೆ ನೇರವಾಗಿ ಇಳಿಯುತ್ತದೆ, ಪ್ಲೇಟಿನ ಪಾಲಿಗೆ ಬರುವುದು ಓರೆತೊಲೆಯ ಬುಡ ಹೊರಕ್ಕೆ ಜಾರದಂತೆ ಹಿಡಿಯುವ ಕೆಲಸ. ಕೊಯ್ತ ಬಿಗಿಯಾಗಿ ಕೂತಿದ್ದರೆ ಮಾತ್ರ ಈ ಮಾತು ನಿಜ.

ಎರಡನೆಯ ಬಗೆಯನ್ನು ಬೇಗ ಮುಗಿಸಬಹುದು. ಜಾರುವ ಬಲ ಮಟ್ಟಸವಾಗಿದೆ, ಆದ್ದರಿಂದ ಸೀಳೂ ಮಟ್ಟಸವಾಗಿರಲಿ. ಮಾಡು ಎಷ್ಟೇ ಕಡಿದಾದರೂ ಅಡ್ಡ ಪ್ಲೇಟೇ ಸರಿ. ಓರೆತೊಲೆಯಲ್ಲಿ ಬಲ ನಾರಿಗೆ ಕೋನದಲ್ಲಿ ಬರುವುದರಿಂದ ಅಲ್ಲಿ ಹಲ್ಲು ಹೆಚ್ಚು ಬೇಕು. ಅಗಲ ಹೆಚ್ಚಿರುವ ಪ್ಲೇಟ್ ತೆಗೆದುಕೊಂಡು ಹೆಚ್ಚಿನ ಪಾಲನ್ನು ಮೇಲಕ್ಕೆ ಸರಿಸಬೇಕು. ಇಲ್ಲಿ ಓರೆಯಾಗಿ ಇಡುವುದು ನೋಡಲು ಅಂದ, ಆದರೆ ಕೆಲಸಕ್ಕೆ ಕೇಡು. ಓರೆತೊಲೆ ಹೊರಕ್ಕೆ ಜಾರಲು ಹೊರಟಾಗ ಸೀಳುಗಳ ನಡುವಿನ ತಗಡಿನ ಪಟ್ಟಿಗಳು ಉದ್ದಕ್ಕೆ ಒತ್ತಿಹೋಗುತ್ತವೆ. ತೆಳುವಾದ ಪಟ್ಟಿ ಎಳೆತವನ್ನು ತಡೆದೀತು, ಒತ್ತಿದರೆ ಬಳುಕಿ ಏಳುತ್ತದೆ. ಅಮೆರಿಕದ ತಯಾರಕರ ಅಂಕಿಪಟ್ಟಿಗಳಲ್ಲಿ ಒಂದೇ ಕೋನಕ್ಕೆ ತಗಡಿನ ಪಟ್ಟಿ ಎಳೆಯಲ್ಪಡುವಾಗಿನ ಬಲ ಬೇರೆ, ಒತ್ತಲ್ಪಡುವಾಗಿನ ಬಲ ಬೇರೆ ಎಂದು ಎರಡು ಅಂಕಿ ಕೊಟ್ಟಿರುವುದು ಇದಕ್ಕಾಗಿಯೇ.

ಇನ್ನು ಮೊದಲನೆಯ ಬಗೆ. ನಿಜವಾದ ಆಯ್ಕೆ ಇರುವುದು ಇಲ್ಲಿ.

ಅಡ್ಡ ಪ್ಲೇಟಿನ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಯಾವ ಇಳಿಜಾರಿನಲ್ಲಾದರೂ ಚೆನ್ನಾಗಿ ಕೂರುತ್ತದೆ, ಮೂಲೆ ಹೊರಗೆ ಚಾಚುವುದಿಲ್ಲ, ಒತ್ತುವವರಿಗೆ ಸುಲಭ. ತಗಡಿನ ಪಟ್ಟಿಗಳೂ ಇಲ್ಲಿ ಎಳೆಯಲ್ಪಡುತ್ತವೆ, ಅಂದರೆ ಉಕ್ಕಿನ ಮಟ್ಟಿಗೆ ಒಳ್ಳೆಯ ಸ್ಥಿತಿ. ತೊಡಕು ಹಲ್ಲಿನದು. ಬಲ ಓರೆತೊಲೆಯ ಗುಂಟ ಹೋಗುತ್ತದೆ, ಸೀಳು ಮಟ್ಟಸವಾಗಿದೆ. 30 ಡಿಗ್ರಿಯಲ್ಲಿ ಇವೆರಡರ ನಡುವೆ 30 ಡಿಗ್ರಿ, 60ರಲ್ಲಿ 60 ಡಿಗ್ರಿ. ಕಡಿದಾದಷ್ಟೂ ಎರಡೂ ಮರಗಳಲ್ಲಿ ಹಲ್ಲುಗಳು ತಮ್ಮ ದುರ್ಬಲ ದಿಕ್ಕಿಗೆ ವಾಲುತ್ತವೆ. ಅದೂ ಸಂದು ಗಿಡ್ಡವಾಗಿ ಹಲ್ಲಿಗೇ ಬರ ಬಂದಿರುವಾಗ.

ಓರೆ ಪ್ಲೇಟಿನಲ್ಲಿ ಬಲ ಮತ್ತು ಸೀಳು ಒಂದೇ ದಿಕ್ಕು. ಓರೆತೊಲೆಯಲ್ಲಿ ನಾರೂ ಅದೇ ದಿಕ್ಕು, ಅಲ್ಲಿನ ಹಿಡಿತಕ್ಕೆ ಸಾಟಿಯಿಲ್ಲ. ಅಡಿತೊಲೆಯಲ್ಲಿ ಬಲ ನಾರಿಗೆ ಕೋನದಲ್ಲಿದೆ, ಆದರೆ ಸೀಳಿನ ಗುಂಟವಾದರೂ ಇದೆ. ತಗಡಿಗೆ ಬರುವುದು ಸೀಳಿನ ಉದ್ದಕ್ಕೆ ಜಾರುಬಲ, ಬಳುಕುವ ಭಯವಿಲ್ಲ. ಹಾಗಿದ್ದ ಮೇಲೆ ಎಲ್ಲ ಕಡೆ ಓರೆಯನ್ನೇ ಇಡಬಾರದೇಕೆ? ಜಾಗ ಬಿಡುವುದಿಲ್ಲ. ಓರೆ ಪ್ಲೇಟಿನ ಕೆಳಮೂಲೆ ಅಡಿತೊಲೆಯ ತಳದಿಂದ ಕೆಳಗೆ ಇಣುಕುತ್ತದೆ. ಪ್ಲೇಟ್ ಸಂದಿನ ಗೆರೆಯಿಂದ ಅಡಿತೊಲೆಯೊಳಕ್ಕೆ 100 ಮಿ.ಮೀ. ಹೋಗಬೇಕು ಮತ್ತು ಅದರ ಕೆಳತುದಿ ಸಂದಿನ ಕೆಳತುದಿಗೆ ಸಮನಾಗಿದೆ ಎಂದರೆ, ಮೂಲೆ ತಳದ ಕೆಳಗೆ ಇಳಿಯುವುದು 30 ಡಿಗ್ರಿಯಲ್ಲಿ 87 ಮಿ.ಮೀ., 45ರಲ್ಲಿ 71, 60ರಲ್ಲಿ 50. ತಳದ ಕೆಳಗಿರುವುದು ಗೋಡೆ. ಟ್ರಸ್ ಮರದ ಮೇಲೆ ಕೂರುವ ಬದಲು ತಗಡಿನ ಅಂಚಿನ ಮೇಲೆ ಕೂತರೆ ಹಲ್ಲು ಮೊದಲ ದಿನವೇ ಸಡಿಲ. ಪ್ಲೇಟನ್ನು ಮೇಲಕ್ಕೆ ಸರಿಸಬೇಕು, ಇಲ್ಲವೇ ಮೂಲೆಯನ್ನು ನಕ್ಷೆಯಲ್ಲೇ ಕತ್ತರಿಸಿ ಅಷ್ಟು ಹಲ್ಲನ್ನು ಲೆಕ್ಕದಿಂದ ಬಿಡಬೇಕು. 30 ಡಿಗ್ರಿಯಲ್ಲಿ ಎಷ್ಟು ಸರಿಸಬೇಕಾಗುತ್ತದೆಂದರೆ ಸಂದಿನ ಬಹುಪಾಲು ಬರಿದಾಗಿ ಉಳಿಯುತ್ತದೆ. 60ರಲ್ಲಿ ಈ ತೊಂದರೆ ಸಹಿಸಬಹುದಾದಷ್ಟು.

ಹಾಗಾಗಿ ನನ್ನ ಸಲಹೆ: 40 ಡಿಗ್ರಿಯವರೆಗೆ ಅಡ್ಡ ಪ್ಲೇಟ್, ಸ್ವಲ್ಪ ದೊಡ್ಡದು. 50ರ ಮೇಲೆ ಓರೆ ಪ್ಲೇಟ್, ಅದೂ ಉದ್ದಕ್ಕಿಂತ ಅಗಲ ಹೆಚ್ಚಿರುವುದು. ಸಂದೇ 144 ಮಿ.ಮೀ. ಇರುವಾಗ 300 ಮಿ.ಮೀ. ಉದ್ದದ ಪ್ಲೇಟ್ ಓರೆತೊಲೆಯನ್ನು ಮಾತ್ರ ಕಚ್ಚಿಕೊಂಡು ಅಡಿತೊಲೆಗೆ ಏನೂ ಕೊಡುವುದಿಲ್ಲ. 8×6ರಂಥ ಪ್ಲೇಟ್ ಸೀಳನ್ನು ಓರೆತೊಲೆಯ ದಿಕ್ಕಿಗೆ ಇಟ್ಟುಕೊಂಡೇ ಅಡಿತೊಲೆಯೊಳಗೆ ಆಳವಾಗಿ ಹೋಗುತ್ತದೆ. 40ರಿಂದ 50ರ ನಡುವೆ ಎರಡನ್ನೂ ಲೆಕ್ಕ ಮಾಡಿಸಿ. ಚಿಕ್ಕ ಪ್ಲೇಟಿನಲ್ಲಿ ಯಾವುದು ಪಾಸಾಯಿತೋ ಅದನ್ನು ಆರಿಸಿ, ಆದರೆ ಒಂದು ಅಳತೆ ದೊಡ್ಡದನ್ನು ಹಾಕಿಸಿ. ಪ್ಲೇಟಿನ ಬೆಲೆ ಇಡೀ ಮಾಡಿನ ಖರ್ಚಿನಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಅಲ್ಲಿ ಜಿಪುಣತನ ತೋರಿಸುವ ಗುತ್ತಿಗೆದಾರ ಇನ್ನೆಲ್ಲಿ ಉದಾರಿಯಾಗಿದ್ದಾನು?

ನೆಟ್ಟನೆಯ ಪ್ಲೇಟನ್ನು ಈ ಬಗೆಯ ಸೂರಿನಲ್ಲಿ ಬೇಡವೇ ಬೇಡ ಎನ್ನುತ್ತೇನೆ. ಪಟ್ಟಿಗಳು ಒತ್ತಲ್ಪಡುತ್ತವೆ, ಅಡಿತೊಲೆಯ ಆಳ 125 ಮಿ.ಮೀ. ಮಾತ್ರವಾದ್ದರಿಂದ ಉದ್ದನೆಯ ಪ್ಲೇಟಿಗೆ ಅಲ್ಲಿ ಜಾಗವೂ ಇಲ್ಲ.

ಯಾವ ದಿಕ್ಕಿಗೆ ಇಟ್ಟರೂ ಹಲ್ಲು ಸಾಲದೆ ಹೋದರೆ ಪ್ಲೇಟಿನೊಂದಿಗೆ ಗುದ್ದಾಡುವುದನ್ನು ಬಿಟ್ಟು ಮರವನ್ನು ಬದಲಿಸಿ. ಅಡಿತೊಲೆಯ ಆಳ 125ರಿಂದ 150ಕ್ಕೆ ಏರಿದರೆ 60 ಡಿಗ್ರಿಯ ಸಂದು 144ರಿಂದ 173 ಆಗುತ್ತದೆ. ಸಂದಿನ ಒಳಮೂಲೆಗೆ ಒಂದು ಬೆಣೆಮರ ಸೇರಿಸಿ ಅದನ್ನೂ ಪ್ಲೇಟಿನ ಅಡಿಗೆ ತಂದರೆ ಮುಟ್ಟುವ ಉದ್ದ ಇನ್ನೂ ಹೆಚ್ಚುತ್ತದೆ.

ಅಟ್ಟದ ಮಾತನ್ನೂ ಇಲ್ಲೇ ಹೇಳಬೇಕು. ಕಡಿದಾದ ಮಾಡಿನ ಅಡಿಯಲ್ಲಿ ಅಷ್ಟು ಜಾಗ ಖಾಲಿ ಬಿದ್ದಿರುವಾಗ ಮಲೆನಾಡಿನವರು ಅಲ್ಲಿ ಅಡಿಕೆ ಮೂಟೆ ಇಡದೆ ಇರುವುದಿಲ್ಲ. ನಕ್ಷೆ ಮಾಡುವವರಿಗೆ ಅದನ್ನು ಮೊದಲೇ ಹೇಳಿ. ಅಡಿತೊಲೆಯ ಮೇಲೆ ಮೂಟೆ ಬಿದ್ದರೆ ಮೇಲಿನ ಅಂಕಿಗಳೆಲ್ಲ ಬದಲಾಗುತ್ತವೆ, ನಡುಗಂಬದ ಎಳೆತ ಹಲವು ಪಟ್ಟು ಏರುತ್ತದೆ.

ನೆತ್ತಿಯಲ್ಲಿ ಲೆಕ್ಕ ತಿರುವುಮುರುವು

ಸೂರಿನಲ್ಲಿ ಕಡಿದಾದಂತೆ ಸಂದು ಗಿಡ್ಡವಾದರೆ, ನೆತ್ತಿಯಲ್ಲಿ ಉದ್ದವಾಗುತ್ತದೆ. ಎರಡು ಓರೆತೊಲೆಗಳು ನೆಟ್ಟನೆಯ ಕೊಯ್ತದಲ್ಲಿ ಸೇರುವಾಗ 125 ಮಿ.ಮೀ. ತೊಲೆಗೆ ಆ ಕೊಯ್ತ 30 ಡಿಗ್ರಿಯಲ್ಲಿ 144, 60ರಲ್ಲಿ 250 ಮಿ.ಮೀ. ಅಲ್ಲಿ ಕೊರತೆ ಇರುವುದು ಅಗಲಕ್ಕೆ. ತುತ್ತತುದಿಯಿಂದ 100 ಮಿ.ಮೀ. ಕೆಳಗೆ ಅಳೆದರೆ ಎರಡು ಹೊರಅಂಚುಗಳ ನಡುವಿನ ಅಗಲ 30 ಡಿಗ್ರಿಯಲ್ಲಿ 346 ಮಿ.ಮೀ., 45ರಲ್ಲಿ 200, 60ರಲ್ಲಿ 115 ಮಾತ್ರ. 150 ಮಿ.ಮೀ. ಅಗಲದ ಪ್ಲೇಟನ್ನು 60 ಡಿಗ್ರಿಯ ನೆತ್ತಿಯಲ್ಲಿ ಕೂರಿಸಬೇಕಾದರೆ ತುದಿಯಿಂದ 130 ಮಿ.ಮೀ. ಕೆಳಗಿಳಿಸಬೇಕು. ಇಲ್ಲದಿದ್ದರೆ ಮೂಲೆಗಳು ಮಾಡಿನ ಗೆರೆಯಿಂದ ಹೊರಗೆ ಚಾಚಿ, ಮೇಲಿನ ರೀಪು ಕೂರುವುದಿಲ್ಲ, ನೆತ್ತಿಯ ಹೆಂಚು ಎದ್ದು ನಿಲ್ಲುತ್ತದೆ, ನೀರು ಅಲ್ಲಿಂದಲೇ ಒಳಗಿಳಿಯುತ್ತದೆ.

ನಡುಗಂಬ ಇದ್ದರೆ ನೆಟ್ಟನೆಯ ಪ್ಲೇಟ್. ನಡುಗಂಬದ ಮೇಲ್ತುದಿಯನ್ನು ಎರಡೂ ತೊಲೆಗಳ ಅಡಿಗೆ ಹೊಂದುವಂತೆ ಚೂಪಾಗಿ ಕೊಯ್ದಿರುತ್ತಾರೆ. 30 ಡಿಗ್ರಿಯ ಮಾಡಿನಲ್ಲಿ ಆ ಮೊನೆ ಮೊಂಡು, 120 ಡಿಗ್ರಿ ಕೋನದ್ದು. 60ರಲ್ಲಿ ಅದು 60 ಡಿಗ್ರಿಯ ಚೂಪು. ಮೊನೆಯಲ್ಲಿ ಊರಿದ ಹಲ್ಲುಗಳು ಬಹುಪಾಲು ಅಂಚು–ತುದಿಯ ಲೆಕ್ಕದಲ್ಲಿ ಕಳೆದುಹೋಗುತ್ತವೆ, ಉಳಿದವು ಮರವನ್ನು ಸೀಳುತ್ತವೆ. ಪ್ಲೇಟ್ ಮೊನೆಯನ್ನು ದಾಟಿ, ನಡುಗಂಬ ಪೂರ್ತಿ ಅಗಲವಾಗುವ ಜಾಗಕ್ಕೆ ಇಳಿಯಬೇಕು. ಅದಕ್ಕೆ ಉದ್ದ ಬೇಕು, ಕಿರಿದಾದ ಅಗಲ ಸಾಕು, ಸೀಳು ಎಳೆತದ ದಿಕ್ಕಿಗೇ ಇರುತ್ತದೆ. ಎಲ್ಲ ಲಾಭವೂ ಒಂದೇ ಕಡೆ ಬಂದು ಬೀಳುವ ಅಪರೂಪದ ಜೋಡಣೆ ಇದು.

ನಡುಗಂಬ ಇಲ್ಲದ ಟ್ರಸ್ಸಿನಲ್ಲಿ ನೆತ್ತಿಯ ಪ್ಲೇಟಿಗೆ ಮಾಡಿನ ತೂಕದಿಂದ ಹೆಚ್ಚು ಕೆಲಸವಿಲ್ಲ, ಮರಗಳು ಒಂದನ್ನೊಂದು ಒತ್ತಿ ನಿಂತಿರುತ್ತವೆ. ಅದು ಪರೀಕ್ಷೆಗೆ ಒಳಗಾಗುವುದು ಟ್ರಸ್ಸನ್ನು ಎತ್ತುವಾಗ, ಆಗ ಸಂದು ಬಾಯಿ ಬಿಡಲು ನೋಡುತ್ತದೆ. ಅಲ್ಲಿ ಸೀಳು ಅಡ್ಡಕ್ಕಿರುವ, ಹೆಚ್ಚುಕಡಿಮೆ ಚೌಕದ ಪ್ಲೇಟ್ ಒಳ್ಳೆಯದು.

ಉಳಿದ ಜೋಡಣೆಗಳು

ತೊಲೆಯನ್ನು ಉದ್ದಕ್ಕೆ ಬೆಸೆಯುವಲ್ಲಿ ಚರ್ಚೆಯೇ ಇಲ್ಲ, ಸೀಳು ತೊಲೆಯ ಉದ್ದಕ್ಕೆ. ನಡುಗಂಬದ ಬುಡದಲ್ಲಿ ಸೀಳು ನೆಟ್ಟಗೆ, ಏಕೆಂದರೆ ಅಲ್ಲಿ ಅಡಿತೊಲೆ ನಡುಗಂಬದಿಂದ ತೂಗುತ್ತಿರುತ್ತದೆ. ಅಡಿತೊಲೆಯ ಬೆಸುಗೆಯೂ ಅದೇ ಜಾಗದಲ್ಲಿ ಬಂದರೆ ಒಂದೇ ಪ್ಲೇಟ್ ಎರಡು ದಿಕ್ಕಿಗೆ ದುಡಿಯಬೇಕಾಗುತ್ತದೆ; ಬೆಸುಗೆಯನ್ನು ಪಕ್ಕಕ್ಕೆ ಸರಿಸಿ ಎಂದು ಕೇಳಿ, ಸರಿಸಬಹುದು.

ಕಡಿದಾದ ಟ್ರಸ್ಸಿಗೆ ಸಾಗಾಟ ಒಂದು ತಲೆನೋವು. ಆರು ಮೀಟರ್ ಅಗಲದ ಮನೆಗೆ 45 ಡಿಗ್ರಿಯ ಟ್ರಸ್ ಮೂರು ಮೀಟರ್ ಎತ್ತರ, 60ರದ್ದು 5.2 ಮೀಟರ್. ಅದನ್ನು ಲಾರಿಯಲ್ಲಿ ಘಾಟಿಯ ತಿರುವುಗಳಲ್ಲಿ ತರುವುದು ಆಗದ ಮಾತು. ಕೆಳಗಿನ ಭಾಗ ಬೇರೆ, ಮೇಲಿನ ಟೋಪಿ ಬೇರೆ ಎಂದು ಎರಡಾಗಿ ತರುತ್ತಾರೆ. ಮನೆಯ ಬಳಿ ಅವೆರಡನ್ನು ಸೇರಿಸುವ ಜಾಗಕ್ಕೆ ಹಲ್ಲಿನ ಪ್ಲೇಟ್ ಬೇಡ. ಸುತ್ತಿಗೆಯಿಂದ ಬಡಿದರೆ ಹಲ್ಲು ಮಡಚುತ್ತದೆ, ಒಂದು ಮೂಲೆ ಇಳಿದು ಇನ್ನೊಂದು ಏಳುತ್ತದೆ. ಅಲ್ಲಿ ಬೋಲ್ಟ್ ಅಥವಾ ಮೊಳೆ ಹೊಡೆದ ಮರದ ಪಟ್ಟಿಗಳೇ ಸರಿ.

ಹಳೆಯ ಮನೆ ಬಿಚ್ಚಿದ ಮರವಿದ್ದರೆ

ಅಜ್ಜನ ಕಾಲದ ಮತ್ತಿ, ಹೊನ್ನೆ, ನಂದಿಯ ತೊಲೆಗಳನ್ನು ಬಳಸಿಕೊಳ್ಳಬೇಕೆಂಬ ಆಸೆ ಹಲವರಿಗಿದೆ, ಒಳ್ಳೆಯ ಆಸೆಯೇ. ಅವಕ್ಕೆ ಹಲ್ಲಿನ ಪ್ಲೇಟ್ ಮಾತ್ರ ಒಪ್ಪುವುದಿಲ್ಲ. ಒಣಗಿ ಗಟ್ಟಿಯಾದ ಮರಕ್ಕೆ ಆ ತೆಳು ಹಲ್ಲು ಇಳಿಯುವ ಮೊದಲೇ ಬಾಗುತ್ತದೆ. ದಿಕ್ಕಿನ ಚರ್ಚೆಯೇ ಅಲ್ಲಿ ವ್ಯರ್ಥ. ಎರಡೂ ಬದಿಗೆ ದಪ್ಪ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟ್ ಹಾಕುವುದು ಲೇಸು. ಬೋಲ್ಟ್ ಜೋಡಣೆಗೆ ಭಾರತೀಯ ಮಾನಕ ಐಎಸ್ 11096 ಇದೆ, ಮೊಳೆಯ ಜೋಡಣೆಗೆ ಐಎಸ್ 2366, ಮರದ ರಚನೆಯ ವಿನ್ಯಾಸಕ್ಕೆ ಐಎಸ್ 883. ಊರಿನ ಎಂಜಿನಿಯರ್‌ಗೆ ಈ ಸಂಖ್ಯೆ ಹೇಳಿದರೆ ಸಾಕು. ಹಳೆಯ ಆಚಾರಿಗಳು ಕಚ್ಚು ಕೊರೆದು ಮರದ ಗೂಟ ಹೊಡೆದು ಮಾಡುತ್ತಿದ್ದ ಜೋಡಣೆಯನ್ನು ಬಲ್ಲವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಸಿಲ್ವರ್ ಓಕ್ ಹಲ್ಲಿಗೆ ಒಗ್ಗುವಷ್ಟು ಮೆದುವಾದದ್ದು, ಆದರೆ ಚೆನ್ನಾಗಿ ಒಣಗಿರಬೇಕು. ಅಮೆರಿಕದಲ್ಲಿ ಒತ್ತುವ ಹೊತ್ತಿಗೆ ಮರದ ತೇವ ಶೇಕಡಾ 19ರ ಒಳಗಿರಬೇಕೆನ್ನುತ್ತಾರೆ. ಹಸಿ ಮರಕ್ಕೆ ಒತ್ತಿದ ಪ್ಲೇಟ್, ಮರ ಒಣಗಿ ಕುಗ್ಗಿದಾಗ ಮೇಲೇಳುತ್ತದೆ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ನಮ್ಮ ಹವೆಯಲ್ಲಿ ಪ್ರತಿವರ್ಷ ಇನ್ನಷ್ಟು. ತಾಮ್ರ ಬೆರೆತ ರಕ್ಷಕ ದ್ರಾವಣ ಹೊಡೆಸಿದ ಮರ ಸತುವಿನ ಲೇಪವನ್ನು ತಿನ್ನುತ್ತದೆ, ಆಗ ದಪ್ಪ ಲೇಪದ ಅಥವಾ ಸ್ಟೇನ್‌ಲೆಸ್ ಪ್ಲೇಟ್ ಕೇಳಿ.

ಹೆಂಚಿನ ಬದಲು ಹೆಂಚಿನಂತೆ ಕಾಣುವ ತಗಡಿನ ಶೀಟ್ ಹೊದಿಸುವವರಿಗೆ ಒಂದು ಎಚ್ಚರಿಕೆ. ಹೆಂಚು ತನ್ನ ತೂಕದಿಂದಲೇ ಮಾಡನ್ನು ಹಿಡಿದಿಡುತ್ತದೆ, ಶೀಟಿಗೆ ಆ ತೂಕವಿಲ್ಲ. ಮಳೆಗಾಲದ ಮೊದಲಿನ ಬಿರುಗಾಳಿ ಮಾಡನ್ನು ಮೇಲಕ್ಕೆ ಎಳೆದಾಗ ಬಲಗಳು ತಿರುಗುಮುರುಗಾಗುತ್ತವೆ. ಎಳೆಯಲ್ಪಡುತ್ತಿದ್ದ ಪಟ್ಟಿ ಒತ್ತಲ್ಪಡುತ್ತದೆ, ಮರ ಮರವನ್ನು ಒತ್ತುತ್ತಿದ್ದ ಕಡೆ ಸಂದು ಬಿಡುತ್ತದೆ. ಓರೆತೊಲೆ ಮಟ್ಟಸವಾಗಿ ಕೂತ ಸೂರಿನಲ್ಲಿ ಮರದ ಆಸರೆಯನ್ನು ನಂಬಿ ಚಿಕ್ಕ ಪ್ಲೇಟ್ ಹಾಕಿದ್ದರೆ ಶೀಟಿನ ಮಾಡಿಗೆ ಅದು ನಡೆಯದು.

ಟ್ರಸ್ ಬಂದಿಳಿದ ದಿನ

ನಕ್ಷೆಯನ್ನು ಕೈಯಲ್ಲಿ ಹಿಡಿದು, ಟ್ರಸ್ಸನ್ನು ಮೇಲೇರಿಸುವ ಮುನ್ನ ನೆಲದ ಮೇಲೇ ನೋಡಿ. ಸೂರಿನ ಎರಡೂ ಜೋಡಣೆ ಮತ್ತು ನೆತ್ತಿ, ಈ ಮೂರು ಕಡೆ ಸೀಳಿನ ದಿಕ್ಕು ನಕ್ಷೆಯಂತಿದೆಯೇ? ಒಂದು ಮುಖಕ್ಕೆ ಓರೆ ಇಟ್ಟು ಇನ್ನೊಂದಕ್ಕೆ ಅಡ್ಡ ಇಟ್ಟಿರುವುದೂ ಉಂಟು, ಆದ್ದರಿಂದ ಮಗುಚಿ ನೋಡಬೇಕು. ಪ್ಲೇಟಿನ ಅಂಚಿನಡಿ ಬ್ಲೇಡ್ ತುದಿ ತೂರಿಸಿ ನೋಡಿ, ಹಲ್ಲಿನ ಸಾಲಿನವರೆಗೆ ಸರಾಗವಾಗಿ ಹೋದರೆ ಒತ್ತಿದ್ದು ಸಾಲದು. ಸಂದಿನಲ್ಲಿ ಮರ ಮರಕ್ಕೆ ಮುಟ್ಟಿದೆಯೇ, ಹಲ್ಲಿನ ಕೆಳಗೆ ಗಂಟು ಬಂದಿದೆಯೇ, ಸೂರಿನಲ್ಲಿ ಪ್ಲೇಟಿನ ಮೂಲೆ ತಳದಿಂದ ಕೆಳಗೆ ಚಾಚಿದೆಯೇ ನೋಡಿ. ಚಾಚಿದ್ದರೆ ಕಟರ್ ತಂದು ಕತ್ತರಿಸುತ್ತೇನೆ ಎಂದು ಮೇಸ್ತ್ರಿ ಹೊರಡುತ್ತಾರೆ. ನಕ್ಷೆ ಮಾಡಿದವರನ್ನು ಕೇಳದೆ ಅದಕ್ಕೆ ಒಪ್ಪಬೇಡಿ. ಆ ಮೂಲೆಯ ಹಲ್ಲುಗಳು ಲೆಕ್ಕದಲ್ಲಿ ಇದ್ದವೋ ಇಲ್ಲವೋ ಅವರಿಗೆ ಮಾತ್ರ ಗೊತ್ತು. ಎದ್ದ ಪ್ಲೇಟನ್ನು ಕಿತ್ತು ಅದೇ ಜಾಗಕ್ಕೆ ಮತ್ತೊಂದು ಒತ್ತಿಸುವುದೂ ಬೇಡ, ಹಳೆಯ ಹಲ್ಲಿನ ತೂತುಗಳಲ್ಲಿ ಹೊಸ ಹಲ್ಲಿಗೆ ಹಿಡಿತ ಸಿಗುವುದಿಲ್ಲ. ಎರಡೂ ಬದಿಗೆ ಪ್ಲೈವುಡ್ ಪಟ್ಟಿಯಿಟ್ಟು ಮೊಳೆ ಹೊಡೆಯುವ ದುರಸ್ತಿಯ ನಕ್ಷೆಯನ್ನು ಅವರಿಂದಲೇ ಬರೆಸಿಕೊಳ್ಳಿ.